ಲೋಡಿಗೆ ಮಣ್ಣು ಕೊಟ್ಟದ್ದು

ನಮ್ಮ ಮನ್ಯಾಗ ಒಮ್ಮೆ ಲೋಡು ಸತ್ತಿತ್ತು. ಪಡಸಾಲ್ಯಾಗ ಬೀಗರು ಬಂದಾಗ ಬೆನ್ನಿಗೆ ಕೊಡ್ತೀವಲ್ಲ, ಹತ್ತಿ ಅರಳಿ ತುಂಬಿದ ಉದ್ದನ ಲೋಡು, ಅದು. ಅದರ ಸುತ್ತ ಊರ ಹೆಣ್ಮಕ್ಕಳು ಕುಂತು ಹಾಡ್ಯಾಡಿ ಅತ್ತರು, ಗಂಡಸರು ಅದನ್ನ ಹೊತ್ತುಕೊಂಡು ಹೊಲಕ್ಕ ಹೋದ್ರು. ಇದನ್ನ ಯಾರ ಮುಂದ ಹೇಳಿದ್ರೂ ನಗ್ತಾರ. ನಗಲಿ. ನಾನೂ ನಕ್ಕೀನಿ. ಆದ್ರ ಆ ದಿನ ನನಗ ಏನು ಸಿಕ್ತು ಅನ್ನೂದು ನಕ್ಕವರಿಗೆ ಗೊತ್ತಿಲ್ಲ, ಅದಕ್ಕ ಮೊದಲಿಂದ ಹೇಳ್ತೀನಿ.

ಎಂಬತ್ತರ ದಶಕ ಮುಗಿಯಾಕ ಬಂದಿತ್ತು. ಕಾಗವಾಡ ಇನ್ನೂ ಬ್ಯಾರೆ ತಾಲೂಕ ಆಗಿರಲಿಲ್ಲ, ನಾವೆಲ್ಲ ಅಥಣಿ ತಾಲೂಕಿನವರ. ಉಗಾರ ಬುದ್ರುಕದಿಂದ ಸೈಕಲ್ ಮ್ಯಾಲೆ ಹೋಗಿ ಬರೂವಷ್ಟು ದೂರದಾಗ, ಕೃಷ್ಣಾ ಹೊಳಿ ದಂಡಿಗೆ ನನ್ನ ಗಂಡನ ಊರು. ತವರು ರಾಯಬಾಗ ಕಡೆ. ಮಾವನವರು ಮೊದಲ ತೀರಿಕೊಂಡಿದ್ರು, ಮನಿ ಯಜಮಾನಕಿ ನಮ್ಮ ಅತ್ತಿಯವರದು. ಕಬ್ಬಿನ ಹೊಲದಾಗ ನೀರು ಎತ್ತ ಹರೀಬೇಕು ಅನ್ನೂದರಿಂದ ಹಿಡಿದು ಚಹಾಕ್ಕ ಸಕ್ಕರಿ ಎಷ್ಟು ಅನ್ನೂತನಕ ಎಲ್ಲಾ ಆಕಿ ಹೇಳಿದಂಗ.

ಅದರ ಹಿಂದಿನ ವರ್ಷ ನನ್ನ ಚೊಚ್ಚಲ ಮಗಳು ಹೋಗಿದ್ಲು. ಹಲ್ಲು ಬಂದಿರಲಿಲ್ಲ. ಜ್ವರ ಬಂತು, ಅಥಣಿ ದವಾಖಾನಿಗೆ ಒಯ್ಯೂಮುಂದ ದಾರ್ಯಾಗ ನನ್ನ ಉಡಿಯೊಳಗನ ತಣ್ಣಗಾದ್ಲು. ಹಲ್ಲು ಬರದ ಕೂಸಿಗೆ ಹಾಡ್ಯಾಡಿ ಅಳಬಾರದು, ದಿನ-ತಿಥಿ ಮಾಡಬಾರದು, ಮಂದಿ ಬುತ್ತಿ ತರಬಾರದು ಅಂತ ಅತ್ತಿಯವರ ಮನಿತನದ ರೂಢಿ. ಇನ್ನೂ ಒಂದು ಐತಿ. ಹುಗಿದ ಜಾಗಾ ತಾಯಿಗೆ ತೋರಸಬಾರದು. ತೋರಿಸಿದ್ರ ಮುಂದಿನ ಬಸಿರು ನಿಲ್ಲಂಗಿಲ್ಲ ಅಂತ. ನಮ್ಮವರು ಕೂಸನ್ನ ತಮ್ಮ ಟಾವೆಲ್ಲಿನ್ಯಾಗ ಸುತ್ತಿಕೊಂಡು ತಾವೊಬ್ಬರೇ ನಮ್ಮ ಹೊಲದ ಕಡೆ ಹೋದ್ರು. ಕೈಕಾಲು ತೊಳಕೊಂಡು ಹೊಳ್ಳಿ ಬಂದ್ರು. ಎಲ್ಲಿ ಅಂತ ನಾ ಕೇಳಿದೆ. ಎದ್ದು ದನದ ಕೊಟ್ಟಿಗಿಗೆ ಹೋದ್ರು.

ಆಮ್ಯಾಲೆ ಎಷ್ಟೋ ಸಲ ಕೇಳಿದೆ. ಕೇಳಿದಾಗೆಲ್ಲ ಅವರಿಗೆ ಏನರ ಕೆಲಸ ನೆನಪಾಗ್ತಿತ್ತು, ಪಂಪಿನ ವಾಯರ್ ನೋಡೂದು, ಎತ್ತಿನ ಹಗ್ಗ ಬಿಗಿಯೂದು. ಬಾಯಿ ಮಾತ್ರ ಬಿಚ್ಚಲಿಲ್ಲ. ಹೊಲ ಏನು ಅಂಗೈಯಷ್ಟು ಇತ್ತೇನು? ಒಡ್ಡಿನ ಮ್ಯಾಲೆ ಕಾಲಿಡೂಮುಂದ, ಬದುವಿನ್ಯಾಗ ಸೊಪ್ಪು ಹರಿಯೂಮುಂದ, ನನ್ನ ಮಗಳ ಮ್ಯಾಲೆ ನಿಂತೀನೋ ಏನೋ ಅಂತ ಜೀವ ಹಾರತಿತ್ತು. ಕಡೀಕ ನನಗ ಅಳುವಿಗಿಂತ ಸಿಟ್ಟ ಹೆಚ್ಚಾತು. ಒಂದು ಜಾಗಾ ಹೇಳಲಾರದ ಗಂಡನ ಕೂಡ ಬಾಳುವೆ ಹ್ಯಾಂಗ ಮಾಡೂದು ಅಂತ ತವರಿಗೆ ಹೋಗಿಬಿಡೂ ವಿಚಾರ ಮಾಡಿ, ಟ್ರಂಕಿನ್ಯಾಗ ನಾಕ ಸೀರಿ ಮಡಚಿ ಇಟ್ಟಿದ್ದೆ.

ಇಂಥಾದ್ರಾಗ ಸಿನಿಮಾದವರು ಬಂದ್ರು.

ಬೆಂಗಳೂರಿನ ಡೈರೆಕ್ಟರ್ ಸಾಹೇಬ್ರು ಜೀಪಿನ್ಯಾಗ ಚಿಕ್ಕೋಡಿ, ನಿಪ್ಪಾಣಿ ಕಡೆ ಎಲ್ಲಾ ಅಡ್ಡಾಡಿ, ಸುತ್ತಲೂ ಕಬ್ಬು ಇದ್ದ ಹಳೀ ಮನಿ ಬೇಕು ಅಂತ ಹುಡುಕಿಕೋತ ನಮ್ಮ ಮನಿ ಕಟ್ಟಿ ಮ್ಯಾಲೆ ಬಂದು ಕುಂತ್ರು. ಪುಸ್ತಕದ ಕನ್ನಡ ಮಾತಾಡ್ತಿದ್ರು. ನಮ್ಮ ಅತ್ತಿಗೆ ಕತಿ ಹೇಳಿದ್ರು: ಒಬ್ಬ ಗಂಡ, ಒಬ್ಬಾಕಿ ಹೆಂಡತಿ, ಐದು ವರ್ಷದ ಮಗ. ಮಗ ಹೊಳ್ಯಾಗ ಬಿದ್ದು ಸಾಯ್ತಾನ.

"ಅಯ್ಯ ಪಾಪ. ಮುಂದ?" ಅಂದ್ರು ಅತ್ತಿ.

"ಮುಂದೆ ಏನೂ ಇಲ್ಲಮ್ಮ. ಗಂಡ ಹೆಂಡತಿ ಮೌನವಾಗಿ ಇರುತ್ತಾರೆ."

"ಎಷ್ಟೊತ್ತನಕ?"

"ಸಿನಿಮಾ ಮುಗಿಯುವ ತನಕ."

"ಅದನ್ನ ನೋಡಾಕ ಮಂದಿ ತಿಕೀಟ ತಗೊಂಡು ಬರ್ತಾರೇನು ತಮ್ಮಾ?"

"ಫಾರಿನ್ನಿನಲ್ಲಿ ಬರುತ್ತಾರೆ," ಅಂದ್ರು ಸಾಹೇಬ್ರು.

ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ. ಗಂಡ ಹೆಂಡತಿ ಮಾತಿಲ್ಲದ ಇರೂದನ್ನ ನೋಡಾಕ ಇಷ್ಟು ದೂರ ಜೀಪಿನ ಎಣ್ಣಿ ಸುಡಬೇಕಾ, ಅಡಗಿಮನಿಗೆ ಬಂದ್ರ ನಾನ ತೋರಿಸ್ತೀನಿ ಅನಿಸ್ತು. ನಮ್ಮ ಮನ್ಯಾಗ ಕೂಸು ಹೋದದ್ದನ್ನ ಅವರಿಗೆ ಯಾರೂ ಹೇಳಲಿಲ್ಲ. ಅದನ್ನ ಒಂದು ಸಾವು ಅಂತ ಊರಾಗ ಯಾರೂ ಹಿಡಿದಿರಲಿಲ್ಲ, ಹೇಳೂದೇನು.

ಮುಂದಿನ ವಾರದಾಗ ಲಾರಿ ಬಂತು. ಲೈಟಿನ ಮಂದಿ ಕೊಲ್ಹಾಪುರದವರು, ಮರಾಠಿ ಮಾತಾಡ್ತಿದ್ರು, ಅವರ ಕೂಡ ಊರಿಗೆ ಊರ ದೋಸ್ತಿ ಆತು. ಹೊರಗಿನ ಪಡಸಾಲಿ ಸಿನಿಮಾಕ್ಕ ಕೊಟ್ಟು ನಾವು ಹಿಂದಿನ ಖೋಲಿಗೆ ಹೋದಿವಿ. ಸೌಂಡಿನ ಮನಿಶಾ ಒಬ್ಬ ಕಿವಿಗೆ ಡಬ್ಬಿ ಹಾಕ್ಕೊಂಡು ಕುಂತು, ಪಂಪಿನ ಸಪ್ಪಳ ಬರ್ತೈತಿ, ಆಡು ಒದರ್ತೈತಿ, ಯಾರೋ ಖಾರ ಕುಟ್ಟಾಕತ್ತಾರ ಅಂತ ಎಲ್ಲಾಕ್ಕೂ ತಕರಾರು ತಗೀತಿದ್ದ. ಊರನ್ನ ಸುಮ್ಮ ಕುಂದ್ರಸೂ ಕೆಲಸ ಯಾರಿಗೆ ಕೊಡೂದು ಅಂತ ನೋಡಿ, ಊರಾಗ ಎಲ್ಲಾರಿಗಿಂತ ಸುಮ್ಮ ಇರೂ ಮನಿಶಾ ಅಂತ ನಮ್ಮವರಿಗೆ ಕೊಟ್ರು. ಕ್ಯಾಮೆರಾ ತಿರುಗೂದಕ್ಕ ಮೊದಲ ನಮ್ಮವರು ಹೊಲದಿಂದ ಹೊಲಕ್ಕ ಹೋಗಿ ಪಂಪು ಬಂದ್ ಮಾಡಸ್ತಿದ್ರು, ಕೋಳಿ ಮುಚ್ಚಸ್ತಿದ್ರು, ಜಗಳಾಡೂ ಅತ್ತಿ ಸೊಸಿಗೆ ಕೈ ಮುಗೀತಿದ್ರು. ಒಂದು ವರ್ಷ ಮನ್ಯಾಗ ಪುಕ್ಕಟ ಮಾಡಿದ್ದ ಕೆಲಸ ಈಗ ಹೊರಗ ನೌಕರಿ ಆತು.

ಸಿನಿಮಾದಾಗ ಹೆಂಡತಿ ಪಾರ್ಟಿನಾಕಿ ಬೆಂಗಳೂರಿನಾಕಿ, ಒಳ್ಳೆ ಹೆಣ್ಮಗಳು. ಒಂದಿನ ಅಡಗಿಮನಿ ಹೊಸ್ತಿಲದಾಗ ಕುಂತು ನನ್ನ ಕೇಳಿದ್ಲು, "ಮಗು ಹೋದಮೇಲೆ ತಾಯಿ ಕೈ ಎಲ್ಲಿಟ್ಟುಕೊಳ್ತಾಳೆ? ನನಗೆ ಕೈಯದೇ ಸಮಸ್ಯೆ."

"ಕೈಯಾಗ ಹಿಟ್ಟಿರ್ತೈತ್ರಿ ಅಕ್ಕಾರ," ಅಂದೆ.

ಆಕಿ ಬಹಳ ಹೊತ್ತು ನನ್ನ ಕೈ ನೋಡಿಕೋತ ಕುಂತ್ಲು. ನನಗ ಇರಸು ಮುರಸು ಆಗಿ, ಸೆರಗಿಗೆ ಕೈ ಒರಸಿಕೊಂಡು ಎದ್ದೆ.

ಮಗ ಸತ್ತ ದಿನದ ಶೂಟಿಂಗ್ ಬಂತು. ಸಾಹೇಬ್ರ ಲೆಕ್ಕದಾಗ ಹೆಣ ತೋರಿಸೂದಿಲ್ಲ, ಪಡಸಾಲ್ಯಾಗ ಏನೋ ಒಂದು ಬಿಳೀ ಧೋತರ ಹೊದಿಸಿದ್ದು ಮಸಕು ಮಸಕು ಕಂಡ್ರ ಸಾಕು. ಅದಕ್ಕ ನಮ್ಮ ಲೋಡಿನ ಮ್ಯಾಲೆ ಧೋತರ ಹೊದಿಸಿದ್ರು. ಅತ್ತಿ ಬಂದು ನೋಡಿ, "ಇಷ್ಟು ಉದ್ದ ಇದ್ದಾನಂದ್ರ ಇಂವ ಐದು ವರ್ಷದವ ಅಲ್ಲ ತಮ್ಮಾ, ಕನ್ಯಾ ನೋಡೂ ವಯಸ್ಸಿನವ," ಅಂದ್ರು. ಒಂದು ತುದಿ ಮಡಚಿ ಕಟ್ಟಿ ಗಿಡ್ಡ ಮಾಡಿದ್ರು. ಊರಿನ ಹೆಣ್ಮಕ್ಕಳನ್ನ ಗ್ವಾಡಿಗೆ ಹಚ್ಚಿ ಕುಂದ್ರಿಸಿ, ಯಾರೂ ಮಾತಾಡಬಾರದು, ಅಳಬಾರದು, ಸುಮ್ಮನ ನೆಲ ನೋಡ್ರಿ ಅಂತ ಹೇಳಿದ್ರು. ಗಂಡನ ಪಾರ್ಟಿನವ ಕಂಬಕ್ಕ ಆತು ನಿಂತ, ಹೆಂಡತಿ ಲೋಡಿನ ಹತ್ರ ಕೂದಲ ಬಿಚ್ಚಿಕೊಂಡು ಕುಂತ್ಲು. ನಮ್ಮವರು ಹೋಗಿ ಊರಿನ ಪಂಪು ಎಲ್ಲಾ ಬಂದ್ ಮಾಡಿಸಿ ಬಂದು ಅಂಗಳದಾಗ ನಿಂತ್ರು.

ಈಗ ನಮ್ಮ ಅತ್ತಿಯ ಸುದ್ದಿ ಹೇಳಬೇಕು. ಹಾಡ್ಯಾಡಿ ಅಳೂದರಾಗ ಸುತ್ತ ಹಳ್ಳ್ಯಾಗ ಆಕಿ ಎತ್ತಿದ ಕೈ. ಯಡೂರಿನಿಂದ ಹೊಳಿ ದಾಟಿ ಮಂದಿ ಕರಿಯಾಕ ಬರ್ತಿದ್ರು. ಸತ್ತವರ ಗುಣ, ರೂಪ, ಉಂಡದ್ದು, ಉಟ್ಟದ್ದು ಒಂದೊಂದ ತಗದು ರಾಗ ಮಾಡಿ ಅತ್ಲು ಅಂದ್ರ ಸತ್ತವರ ವೈರಿಗೂ ಕಣ್ಣೀರು. ಅಂಥಾಕಿ ಎದುರಿಗೆ ಧೋತರ ಹೊದಿಸಿದ್ದು ಐತಿ, ಕೂದಲ ಬಿಚ್ಚಿಕೊಂಡ ತಾಯಿ ಅದಾಳ, ಯಾರೂ ಬಾಯಿ ಬಿಡವಲ್ರು. ಅತ್ತಿ ತಡಕೊಂಡ್ರು, ತಡಕೊಂಡ್ರು, ಕಡೀಕ ಮೊಣಕಾಲ ಮ್ಯಾಲೆ ಸರಕೊಂಡು ಹೋಗಿ ಲೋಡಿನ ಮ್ಯಾಲೆ ಬಿದ್ದ ಬಿಟ್ರು.

ಆದ್ರ ಏನಂತ ಅಳೂದು? ಹುಡುಗನ ಬಗ್ಗೆ ಆಕಿಗೆ ಏನೂ ಗೊತ್ತಿಲ್ಲ. ಅಳೂ ನಡಕ ತಲಿ ಎತ್ತಿ, "ತಿನ್ನಾಕ ಏನು ಬೇಡ್ತಿದ್ದ?" ಅಂತ ಸಾಹೇಬ್ರನ್ನ ಕೇಳಿದ್ರು. ಸಾಹೇಬ್ರು, "ಅದನ್ನ ಸ್ಕ್ರಿಪ್ಟಿನಲ್ಲಿ ಬರೆದಿಲ್ಲಮ್ಮ," ಅಂದ್ರು. ಗೊತ್ತಿಲ್ಲದ್ದು ಹ್ಯಾಂಗ ಹಾಡಬೇಕು. ಆಕಿಗೆ ಗೊತ್ತಿದ್ದದ್ದು ಲೋಡಿನ ಸುದ್ದಿ, ಅದನ್ನ ಹಾಡಿದ್ರು.

"ನನ್ನ ಮದವಿಗೆ ಬಂದ್ಯಲ್ಲೋ ನನ್ನ ಕಂದಾ, ಬಂದ ಬೀಗರಿಗೆಲ್ಲ ಬೆನ್ನು ಕೊಟ್ಟ್ಯಲ್ಲೋ ನನ್ನಪ್ಪಾ, ಒಂದಿನಾ ಬ್ಯಾಸರ ಮಾಡ್ಕೊಳ್ಳಲಿಲ್ಲಲ್ಲೋ ನನ್ನ ಬಂಗಾರಾ..."

ಗ್ವಾಡಿ ಹಚ್ಚಿ ಕುಂತ ಹೆಣ್ಮಕ್ಕಳು ಒಬ್ಬೊಬ್ಬರ ಬಂದು ಹೆಂಡತಿ ಪಾರ್ಟಿನಾಕಿ ಕೊರಳಿಗೆ ಬಿದ್ದು ಅಳಾಕತ್ರು. ಸಾಹೇಬ್ರು ಕಟ್ ಅಂದ್ರು. ಮತ್ತೊಮ್ಮೆ ಕಟ್ ಅಂದ್ರು. ಕಟ್ ಅಂದ್ರ ನಿಲ್ಲಾಕ ಅದೇನು ನಳದ ನೀರೇನು. ಸರದಿ ಪ್ರಕಾರ ಎಲ್ಲಾರೂ ಅತ್ತು ಮುಗಿಸಬೇಕು, ಇಲ್ಲಂದ್ರ ಬಿಟ್ಟಾಕಿಗೆ ಸಿಟ್ಟು ಬರ್ತೈತಿ. ಆ ಬೆಂಗಳೂರಿನ ಹೆಣ್ಮಗಳು ಮೊದಲ ಗಾಬರಿಯಾದ್ಲು, ಆಮ್ಯಾಲೆ ತನ್ನ ಯಾವ ದುಃಖ ನೆನಪಾತೋ, ಬಿಕ್ಕಿ ಬಿಕ್ಕಿ ಅತ್ಲು. ಮುಖದ ಬಣ್ಣ ಎಲ್ಲಾ ನಮ್ಮೂರ ಹೆಣ್ಮಕ್ಕಳ ಸೆರಗಿಗೆ ಹತ್ತಿತು.

ನಾ ಅಡಗಿಮನಿ ಬಾಗಲದಾಗ ನಿಂತು ನೋಡಿದೆ. ನನಗ ನಗೂನೂ ಬರಲಿಲ್ಲ, ಅಳೂನೂ ಬರಲಿಲ್ಲ. ಮೈಯೆಲ್ಲಾ ಉರೀತು. ನನ್ನ ಮಗಳಿಗೆ ಒಂದು ಹನಿ ಹಾಕದ ಮಂದಿ, ಅರಳಿ ಗಂಟಿಗೆ ಊರು ಕೇಳೂಹಂಗ ಅಳಾಕತ್ತಿದ್ರು. ಅತ್ತಿ ಕಣ್ಣು ಒರಸಿಕೊಂಡು ನೀರು ಕುಡಿಯಾಕ ಒಳಗ ಬಂದಾಗ ತಂಬಿಗಿ ಕೊಟ್ಟು ಕೇಳೇ ಬಿಟ್ಟೆ.

"ಅತ್ತಿ, ಲೋಡಿಗೆ ಹಲ್ಲು ಬಂದಿದ್ದುವೇನ್ರಿ?"

ಅತ್ತಿ ತಂಬಿಗಿ ಬಾಯಿಗೆ ಹಚ್ಚಿದವರು ಹಂಗ ನಿಂತ್ರು. ಅರ್ಧಾ ನೀರು ಕುಡದು, ತಂಬಿಗಿ ಇಟ್ಟು ಹೋದ್ರು.

ಸಾಹೇಬ್ರು ತಲಿ ಮ್ಯಾಲೆ ಕೈ ಇಟ್ಟುಕೊಂಡು ಕುಂತಿದ್ರು. ಆಮ್ಯಾಲೆ ಏನು ತಿಳೀತೋ, ಇದೂ ಚಂದ ಐತಿ, ಆದ್ರ ನಡಕ ರೀಲು ಮುಗದಿತ್ತು, ಇನ್ನೊಮ್ಮೆ ಅಳ್ರಿ ಅಂದ್ರು. ಹೆಣ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದ್ರು. ಅತ್ತಿ ಸಾಫ್ ಹೇಳಿದ್ರು, "ಒಂದು ಜೀವಕ್ಕ ಒಮ್ಮೆ ತಮ್ಮಾ. ಎರಡನೇ ಸಲ ಹಾಡ್ಯಾಡಿದ್ರ ಮನಿ ಇನ್ನೊಂದು ಜೀವ ಕೇಳ್ತೈತಿ."

"ಅಮ್ಮ, ಯಾರೂ ಸತ್ತಿಲ್ಲ."

"ಹಂಗಾರ ನಾವು ಅತ್ತದ್ದು ಯಾರಿಗೆ?"

ಅಲ್ಲಿಗೆ ಮುಗೀಲಿಲ್ಲ. ಅಳು ಎದ್ದ ಮನ್ಯಾಗ ಒಲಿ ಹಚ್ಚಬಾರದು ಅಂತ ಸಿನಿಮಾದವರ ಅಡಗಿ ಭಟ್ಟನ ಸ್ಟೋ ಆರಿಸಿದ್ರು. ಭಟ್ಟ ಅಳೂ ಮುಖಾ ಮಾಡಿದ. ಅಷ್ಟರಾಗ ಓಣಿ ಮಂದಿ ಬುತ್ತಿ ತರಾಕತ್ರು. ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು, ಬುಟ್ಟಿ ಮ್ಯಾಲೆ ಬುಟ್ಟಿ. ಸತ್ತ ಮನಿಯವರು ಮುಂದ ಕುಂತು ಉಣ್ಣಬೇಕು ಅಂತ ಗಂಡ ಹೆಂಡತಿ ಪಾರ್ಟಿನವರನ್ನ ಕುಂದ್ರಿಸಿ, "ಸ್ವಲ್ಪರ ಉಣ್ರಿ, ಜೀವ ಹಿಡಕೋರಿ, ಹ್ವಾದಾವ ಬರೂದಿಲ್ಲ," ಅಂತ ಬೆನ್ನು ಸವರಿ ಉಣ್ಣಿಸಿದ್ರು. ಕೊಲ್ಹಾಪುರದವರು ಹಿಂದ ಕುಂತು ಹೊಟ್ಟಿ ಬಿರಿಯೂಹಂಗ ಉಂಡು, ಇಂಥಾ ಸಾವು ದಿನಾ ಆಗಲಿ ಅಂತ ಮರಾಠ್ಯಾಗ ಹೇಳಿಕೊಂಡು ನಕ್ರು. ನಮ್ಮೂರಾಗ ಮರಾಠಿ ಎಲ್ಲಾರಿಗೂ ಬರ್ತೈತಿ ಅನ್ನೂದು ಅವರಿಗೆ ಮರತಿತ್ತು, ಅತ್ತಿ ಹಿಂಡಿ ಬುಟ್ಟಿ ಎತ್ತಿಕೊಂಡು ಹೋದ್ರು.

ಊಟ ಆದ ಮ್ಯಾಲೆ ಹಿರ್ಯಾರು ಕಟ್ಟಿಗೆ ಬಂದು ಕುಂತ್ರು. ಮಣ್ಣು ಎಷ್ಟೊತ್ತಿಗೆ ಅಂತ ಕೇಳಿದ್ರು.

"ಯಾವ ಮಣ್ಣು?" ಅಂದ್ರು ಸಾಹೇಬ್ರು.

"ಹೊತ್ತು ಮುಳಗೂದ್ರಾಗ ಮಣ್ಣು ಆಗಬೇಕ್ರಿ. ಅತ್ತದ್ದನ್ನ ಮನ್ಯಾಗ ಇಟ್ಟುಕೊಂಡು ಮಲಗಾಕ ಬರೂದಿಲ್ಲ."

"ಅದು ಲೋಡು ರೀ."

"ಮುಂಜಾನಿ ಲೋಡು ಆಗಿತ್ರಿ," ಅಂದ್ರು ಒಬ್ಬ ಹಿರ್ಯಾರು, ಸಮಾಧಾನದಿಂದ.

ಮಠದ ಅಯ್ಯನವರನ್ನ ಕರಿಸಿದ್ರು. ಅವರು ಲೋಡಿನ ಹತ್ರ ಹೋಗಿ, ಧೋತರ ಸರಿಸಿ ನೋಡಿ, ಮತ್ತ ಹೊದಿಸಿ, ಬಹಳ ಇಚಾರ ಮಾಡಿದ್ರು. ಮಂತ್ರ ಬ್ಯಾಡ, ಮಣ್ಣು ಅಷ್ಟ ಆಗಲಿ ಅಂದ್ರು. ಲೋಡು ನಾಳಿನ ಶೂಟಿಂಗಿಗೂ ಬೇಕು ಅಂತ ಸಾಹೇಬ್ರ ಅಸಿಸ್ಟಂಟ ಅಂಗಲಾಚಿದ. ನಿಪ್ಪಾಣ್ಯಾಗ ಲೋಡು ಹೊಲಿದು ಕೊಡೂವರು ಬೇಕಾದಷ್ಟು ಮಂದಿ ಅದಾರ, ಬ್ಯಾರೇದು ತಂದ್ರಾತು ಅಂತ ಅವನ ಸಮಾಧಾನ ಮಾಡಿದ್ರು. ಕಡೀಕ ಸಾಹೇಬ್ರು, ನಡೀರಿ, ಇದನ್ನೂ ತಗೊಳ್ಳೋಣ ಅಂತ ಕ್ಯಾಮೆರಾ ಹೊರಸಿದ್ರು.

ನಮ್ಮಲ್ಲಿ ಹೆಣ್ಮಕ್ಕಳು ಮಣ್ಣಿಗೆ ಹೋಗೂದು ಕಮ್ಮಿ. ಆದ್ರ ಹೆಂಡತಿ ಪಾರ್ಟಿನಾಕಿ ನಾ ಹೋಗೇ ಹೋಗ್ತೀನಿ ಅಂತ ಹಟ ಹಿಡದ್ಲು, ಆಕಿಗೆ ಕಬ್ಬಿನ ಗದ್ದಿಯೊಳಗ ನಡದು ರೂಢಿ ಇಲ್ಲ ಅಂತ ಕೈ ಹಿಡಕೊಂಡು ನಾ ಹೋದೆ. ಆಕಿ ಹೋದ್ಲು ಅಂತ ಅತ್ತಿ ಬಂದ್ರು. ಮುಂದ ಲೋಡು, ಅದರ ಹಿಂದ ಊರು, ಊರ ಹಿಂದ ಕ್ಯಾಮೆರಾ. ಎದುರಿಗೆ ಎತ್ತಿನ ಗಾಡಿ ಹೊಡಕೊಂಡು ಬಂದವ ಯಾರೋ ರುಮಾಲು ತಗದು ಕೈ ಮುಗದು ನಿಂತ. ಯಾರು ತೀರಿಕೊಂಡ್ರು ಅಂತ ಕೇಳಿದವನಿಗೆ ಮಂದಿ ಮುಂದಿನ ಲೋಡಿನ ಕಡೆ ಕೈ ಮಾಡಿ ನಡದ್ರು.

ನಮ್ಮ ಮನಿತನದವರಿಗೆಲ್ಲ ಮಣ್ಣು ನಮ್ಮ ಹೊಲದಾಗ, ಬಾವಿ ಹತ್ರ. ಅಲ್ಲಿ ಹೋದ ಮ್ಯಾಲೆ ಒಂದು ತಕರಾರು ಎದ್ದಿತು. ಹಿರ್ಯಾರ ಸಾಲಿನ್ಯಾಗ ಲೋಡು ಇಟ್ರ ಹಿರ್ಯಾರು ಏನಂದಾರು? ಖರೇನ ಐತಿ. ಬ್ಯಾರೆ ಜಾಗಾ ನೋಡೂಣು ಅಂತ ಒಡ್ಡು ಹಿಡದು ಹೋದ್ರು. ಕಬ್ಬಿನ ಕಡೀ ಸಾಲು ಮುಗದು ಒಡ್ಡು ತಿರಗೂ ಮೂಲ್ಯಾಗ ಒಂದು ಸಣ್ಣ ಬನ್ನಿ ಗಿಡ. ಅದರ ಬುಡಕ ಮಣ್ಣು ಮೆತ್ತಗ ಐತಿ, ಇಲ್ಲೇ ಅಗೀರಿ ಅಂದ್ರು. ಒಬ್ಬ ಗುದ್ದಲಿ ಎತ್ತಿದ.

ನಮ್ಮವರು ಬಾವಿ ಕಡೆ ಪಂಪು ಬಂದ್ ಮಾಡಾಕ ಹೋಗಿದ್ರು. ಅಲ್ಲಿಂದ ಓಡಿಕೋತ ಬಂದ್ರು. ಅವರು ಓಡಿದ್ದನ್ನ ನಾ ಮದವಿಯಾದಾಗಿಂದ ನೋಡಿರಲಿಲ್ಲ. ಬಂದವರೇ ಗುದ್ದಲಿ ಕಾವು ಹಿಡದ್ರು.

"ಇಲ್ಲಿ ಬ್ಯಾಡ."

"ಯಾಕಲೇ, ಮಣ್ಣು ಚಲೋ ಐತಿ," ಅಂದ ಅಗಿಯಾಂವ.

"ಇಲ್ಲಿ ಬ್ಯಾಡ ಅಂದ್ನಲ್ಲ. ಇಲ್ಲಿ ನನ್ನ ಮಗಳದಾಳ."

ಎಲ್ಲಾರೂ ಸುಮ್ಮನಾದ್ರು. ಸಾಹೇಬ್ರು ಬೇಡಿ ಬೇಡಿ ಸಿಗದಿದ್ದ ಆ ಮೌನ, ಯಾರೂ ಹೇಳಲಾರದ, ತಾನಾಗೇ ಬಂತು. ಕ್ಯಾಮೆರಾ ತಿರಗಾಕತ್ತಿತ್ತೋ ಇಲ್ಲೋ ನನಗ ಗೊತ್ತಿಲ್ಲ. ಹೆಂಡತಿ ಪಾರ್ಟಿನಾಕಿ ನನ್ನ ಮುಖ ನೋಡಿ, ಹಿಡಿದಿದ್ದ ಕೈ ಮೆಲ್ಲಕ ಬಿಟ್ಲು. ಲೋಡು ಹೊತ್ತವರು ಇಳಿಸಬೇಕೋ ಹೊತ್ತುಕೊಂಡು ನಿಲ್ಲಬೇಕೋ ತಿಳೀದ ಹೆಗಲ ಬದಲಿ ಮಾಡಿದ್ರು.

ನಾ ಹೋಗಿ ಗಿಡದ ಬುಡಕ ಕುಂತೆ. ಕೈ ಮಣ್ಣಿನ ಮ್ಯಾಲೆ ಇಟ್ಟೆ. ಒಂದು ವರ್ಷದ ಅಳು ಎಲ್ಲಿತ್ತೋ ಏನೋ, ಬಂತು. ಅತ್ತಿ ಬಂದು ನನ್ನ ಬಾಜೂಕ ಕುಂತ್ರು. ತೋರಸಬಾರದಿತ್ತು ಅಂತ ಬೈತಾರ ಅನಕೊಂಡೆ. ಬೈಲಿಲ್ಲ. ಹಾಡ್ಯಾಡಾಕ ಬಾಯಿ ತಗದ್ರು, ಲೋಡಿಗೆ ಅಷ್ಟು ಹಾಡಿದ ಬಾಯಾಗ ಮೊಮ್ಮಗಳಿಗೆ ಒಂದು ಮಾತು ಬರಲಿಲ್ಲ. ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಬರೇ ಅತ್ರು.

ಹೊತ್ತು ಇಳೀತು. ಅಯ್ಯನವರು ಏನು ತಿಳಕೊಂಡ್ರೋ, ಲೋಡನ್ನ ಮನಿಗೆ ಒಯ್ರಿ, ಇವತ್ತಿನ ಅಳು ಸಲ್ಲಬೇಕಾದವರಿಗೆ ಸಂದೈತಿ ಅಂದ್ರು. ಹಂಗ ಹೊಳ್ಳಿ ಹೋದ ಲೋಡು ಇನ್ನೂ ನಮ್ಮ ಪಡಸಾಲ್ಯಾಗ ಐತಿ, ಅದಕ್ಕ ಆತುಕೊಂಡು ಕುಂದ್ರಾಕ ಊರವರು ಮಾತ್ರ ಸ್ವಲ್ಪ ಹಿಂದ ಮುಂದ ನೋಡ್ತಾರ. ಸಿನಿಮಾ ಯಾವ ಫಾರಿನ್ನಿಗೆ ಹೋತೋ, ನಮ್ಮ ಕಡೆ ಯಾವ ಟಾಕೀಜಿಗೂ ಬರಲಿಲ್ಲ.

ಅವತ್ತ ಎಲ್ಲಾರೂ ಊರ ಕಡೆ ಹೋದ್ರು, ಅತ್ತಿಯವರನ್ನೂ ಯಾರೋ ಕೈ ಹಿಡದು ಎಬ್ಬಿಸಿಕೊಂಡು ಹೋದ್ರು. ನಾವಿಬ್ಬರ ಉಳದಿವಿ. ನಮ್ಮವರು ನನ್ನ ಎದುರಿಗೆ ತುದಿಗಾಲ ಮ್ಯಾಲೆ ಕುಂತು ಮಣ್ಣಿನ ಹೆಂಟಿ ಒಡಿಯಾಕತ್ತಿದ್ರು. ಆವಾಗ ನಾ ತಲಿ ಎತ್ತಿ ಸುತ್ತ ನೋಡಿದೆ. ಈ ಜಾಗಾ ನನಗ ಗೊತ್ತಿದ್ದದ್ದ. ಒಂದು ವರ್ಷ ಮಧ್ಯಾಹ್ನಕ್ಕ ರೊಟ್ಟಿ ಗಂಟು ತಂದಾಗೆಲ್ಲ ನಾವು ಉಂಡದ್ದು ಇಲ್ಲೇ. ಬಾವಿ ಹತ್ರ ದೊಡ್ಡ ಬೇವಿನ ನೆರಳು ಇದ್ರೂ ಈ ಮನಿಶಾ ಅದನ್ನ ದಾಟಿ ಬಂದು, ಇಲ್ಲಿ ಟಾವೆಲ್ ಹಾಸಿ, ಕುಂದ್ರು ಅಂತಿದ್ರು. ಇಷ್ಟು ತೆಳ್ಳನ ನೆರಳಾಗ ಯಾಕ ಸುಡಾಕ ಕುಂದ್ರಸ್ತೀರಿ, ತಲಿ ಐತೋ ಇಲ್ಲೋ ಅಂತ ನಾ ಬೈದದ್ದಕ್ಕ ಲೆಕ್ಕ ಇಲ್ಲ. ಜವಾಬು ಕೊಡದ ಉಂಡು ಏಳತಿದ್ರು.

"ಒಂದು ಮಾತು ಹೇಳಬಾರದಿತ್ತೇನ್ರಿ?" ಅಂದೆ.

ಅವರು ಹೆಂಟಿ ಒಡಿಯೂದು ಬಿಟ್ರು. ಈ ಸಲ ಎದ್ದು ಹೋಗಲಿಲ್ಲ.

"ಹೇಳಬಾರದು ಅಂತ ಅವ್ವ ಆಣಿ ಮಾಡಿಸಿದ್ಲು," ಅಂದ್ರು. "ಕುಂದ್ರಸಬಾರದು ಅಂತ ಮಾಡಿಸಿರಲಿಲ್ಲ."